ಓದದೆ ಬಿಟ್ಟ ಹೆಸರು

“ಹಾಡು ನಡುವ ಯಾಕ ಬಂದ್ ಮಾಡಿದ್ರಿ?”

ದನಿ ಕೇಳಿ ಸೌಭಾಗ್ಯ ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಖಾಕಿ ಅಂಗಿಯ ಹುಡುಗ. ತಲೆಯೆಲ್ಲ ರಸ್ತೆಯ ಧೂಳು, ಕೈಯಲ್ಲಿ ಆಟೋದ ಕೀಲಿ.

“ಕರೆಂಟ್ ಹೋತ್ರಿ,” ಅಂದಳು ಮೆಲ್ಲಗೆ.

“ನಿಮಗ ಕರೆಂಟ್ ಹೋತು, ನನಗ ಮರ್ಯಾದಿ ಹೋತು. ಗಾಡ್ಯಾಗ ಕಾಲೇಜ್ ಹುಡುಗರು ಕುಂತಲ್ಲೇ ಕುಣಿಯಾಕತ್ತಿದ್ರು. ಹಾಡು ನಿಂತ ಕೂಡ್ಲೆ ‘ನಿನ್ನ ರೇಡಿಯೊ ಕೆಟ್ಟೈತಿ’ ಅಂತ ನನ್ನ ಮ್ಯಾಲ ಬಿದ್ರು.”

ಸೌಭಾಗ್ಯಳಿಗೆ ನಗು ತಡೆಯಲಾಗಲಿಲ್ಲ. ಆ ನಗು ಕೇಳಿ ಅವನು ಸಿಟ್ಟನ್ನೇ ಮರೆತ.

“ದಿನಾ ಕೇಳೋ ದನಿ ನಿಮ್ದೇ ಏನ್ರಿ? ನಾ ಯಾರೋ ದೊಡ್ಡ ಹೆಣ್ಮಗಳು ಅಂದ್ಕೊಂಡಿದ್ದೆ.”

ಇದು ಎಂಟು ವರ್ಷದ ಹಿಂದಿನ ಮಾತು. ಶಹಾಪುರದ ಬಸ್ ನಿಲ್ದಾಣದ ಹಿಂದೆ, ಹತ್ತಿ ಅಂಗಡಿಯ ಮೇಲೆ, ಒಂದೇ ಕೋಣೆಯ ಸಮುದಾಯ ರೇಡಿಯೊ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಆಗ ಗೋಡೆಗೆಲ್ಲ ಗೋಣಿತಟ್ಟು ಬಡಿದಿದ್ದರು, ಹೊರಗಿನ ಗದ್ದಲ ಒಳಗೆ ಬಾರದಿರಲೆಂದು. ಮುಂಜಾನೆ ಬೀಜ-ಗೊಬ್ಬರದ ಮಾತು. ಸಂಜೆ ಐದಕ್ಕೆ ಹರೆಯದವರಿಗೆಂದು ‘ಕುಣಿಯೋ ತಾಸು’. ಆ ಒಂದು ತಾಸು ಶಹಾಪುರದಿಂದ ಗೋಗಿಯವರೆಗೆ ಚಹಾದಂಗಡಿ, ಕಟಿಂಗ್ ಅಂಗಡಿ, ಹೊಲದ ಟ್ರ್ಯಾಕ್ಟರ್, ಎಲ್ಲ ಕಡೆ ಒಂದೇ ಹಾಡು, ಒಂದೇ ತಾಳ.

ಕೆಳಗೆ ಮೆಟ್ಟಿಲ ಬಳಿ ಒಂದು ತಗಡಿನ ಡಬ್ಬಿ. ಹಾಡು ಬೇಕಾದವರು ಹೆಸರು ಬರೆದು ಚೀಟಿ ಹಾಕುತ್ತಿದ್ದರು. ಸೌಭಾಗ್ಯ ಮೈಕಿನ ಮುಂದೆ ಕೂತು ಓದುತ್ತಿದ್ದಳು.

ಆ ಹುಡುಗನ ಹೆಸರು ಸಂಗಮನಾಥ. ಗೋಗಿಯವನು. ಅಂದಿನಿಂದ ಅವನ ಚೀಟಿ ಒಂದು ದಿನವೂ ತಪ್ಪಲಿಲ್ಲ.

“ಗೋಗಿಯಿಂದ ಸಂಗಮನಾಥ ಅವರು ಕೇಳ್ಯಾರ…”

ಓದಿ ಓದಿ ಆ ಹೆಸರು ಅವಳ ನಾಲಗೆಗೆ ಬೆಲ್ಲವಾಯಿತು.

ಮಷೀನು ನೋಡಿಕೊಳ್ಳುತ್ತಿದ್ದ ಖುರ್ಷೀದಬೇಗಂ ಗಾಜಿನಾಚೆಯಿಂದ ಹುಬ್ಬು ಹಾರಿಸುತ್ತಿದ್ದಳು. “ಉಳಿದವರ ಹೆಸರು ಓದ್ತಿ. ಇವನ ಹೆಸರು ಹಾಡ್ತೀ ಅಲ್ಲವಾ?”

“ಸುಮ್ಕಿರ್ರಿ ಆಪಾ. ನೀವರ ನಿಮ್ಮ ಯಜಮಾನ್ರ ಹೆಸರು ಹೇಳ್ರಿ ನೋಡೋಣು.”

“ಗುಡ್ಡಿ ಅಬ್ಬಾ.” ಖುರ್ಷೀದಬೇಗಂ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಗುಡ್ಡಿ ಅವಳ ಮಗಳು; ಗಂಡ ಅವಳ ಬಾಯಲ್ಲಿ ಬರೀ ಗುಡ್ಡಿಯ ಅಪ್ಪ. ಹದಿನೈದು ವರ್ಷದ ಸಂಸಾರದಲ್ಲಿ ಗಂಡನ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಸೌಭಾಗ್ಯಳ ಅವ್ವನೂ ಹಾಗೇ, ‘ಅವರು’ ಅಂದರೆ ಅಪ್ಪ. ಮದುವೆ ಮನೆಯಲ್ಲಿ ಎಲ್ಲರೂ ಕೂಡಿ ಕಾಡಿದರೆ ಮಾತ್ರ ಒಡಪು ಕಟ್ಟುತ್ತಿದ್ದಳು. ಪ್ರಾಸದ ಎರಡು ಸಾಲಿನೊಳಗೆ ಗಂಡನ ಹೆಸರು ಹೊಂದಿಸಿ, ಹೇಳಿ ಮುಗಿಸಿ, ಮುಖ ಮುಚ್ಚಿಕೊಳ್ಳುತ್ತಿದ್ದಳು.

ಸೌಭಾಗ್ಯ ಇದಕ್ಕೆಲ್ಲ ನಗುತ್ತಿದ್ದಳು. ಮೈಕಿನ ಮುಂದೆ ಕೂತವಳಿಗೆ ಎಂಥ ನಾಚಿಕೆ?

ಒಂದು ಸೋಮವಾರ ಅವನ ಚೀಟಿ ಉದ್ದವಿತ್ತು.

‘ನಿಮ್ಮ ಮನಿಗೆ ನಮ್ಮ ಅವ್ವನ್ನ ಕಳಿಸಬೇಕಂತ ಮಾಡೇನಿ. ನಿಮಗ ಮನಸಿದ್ರ ಇವತ್ತ ನನ್ನ ಹೆಸರು ಓದ್ರಿ. ಇಲ್ಲಂದ್ರ ಬಿಡ್ರಿ. ಮತ್ತ ಕೇಳಂಗಿಲ್ಲ.’

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ಮನಸ್ಸೇ? ಅದು ಎಂದೋ ಹೂಂ ಅಂದಿತ್ತು…

ಮೈಕಿನ ಕೆಂಪು ದೀಪ ಹತ್ತಿತು.

“ಗೋಗಿಯಿಂದ…”

ನಾಲಗೆ ಅಲ್ಲೇ ನಿಂತಿತು.

ನಿನ್ನೆಯವರೆಗೆ ಅದು ಒಬ್ಬ ಕೇಳುಗನ ಹೆಸರು. ಇವತ್ತು, ಹೂಂ ಅಂದ ಈ ಗಳಿಗೆಯಲ್ಲೇ, ಅದು ಅವ್ವ ಬಾಯಿಗೆ ತಾರದ ಹೆಸರಿನಂಥದ್ದಾಗಿಬಿಟ್ಟಿತ್ತು. ಅವ್ವನಿಗೆ ನಕ್ಕಿದ್ದವಳು ಈಗ ಅವ್ವನ ಮಾತನ್ನೇ ಹುಡುಕಿದಳು.

“ಗೋಗಿಯಿಂದ… ಅವರು ಕೇಳ್ಯಾರ,” ಅಂದು ಹಾಡು ಬಿಟ್ಟಳು.

‘ಅವರು’ ಅಂದರೆ ತಿಳಿಯದೇ ಅವನಿಗೆ?

ತಿಳಿಯಲಿಲ್ಲ. ಆಟೋ ತುಂಬ ಕೂತ ಮಂದಿಯ ನಡುವೆ ಅವನಿಗೆ ಕೇಳಿದ್ದು ತನ್ನ ಹೆಸರು ಇಲ್ಲದ ಜಾಗ ಮಾತ್ರ.

ಮಂಗಳವಾರ ಚೀಟಿ ಇಲ್ಲ. ಬುಧವಾರವೂ ಇಲ್ಲ. ಸೌಭಾಗ್ಯ ದಿನಾ ತಾನೇ ಇಳಿದು ಹೋಗಿ ಡಬ್ಬಿಯ ತಳ ತಡವಿ ಬರುತ್ತಿದ್ದಳು. ಹೀಗೇ ಮೂರು ತಿಂಗಳು.

ಒಂದು ಶನಿವಾರ ಖುರ್ಷೀದಬೇಗಂ ಗೋಗಿಯ ದರ್ಗಾಕ್ಕೆ ಹೋಗಿ, ಸುದ್ದಿ ಹೊತ್ತು ಬಂದಳು.

“ಆಟೋ ಬಿಟ್ಟಾನ. ಕಡೇಚೂರಾಗ ಕಾರ್ಖಾನಿ ಬಸ್ ಹೊಡಿಯಾಕತ್ತಾನ. ನಾಡಿದ್ದ ಸೋಮವಾರ ಅವರವ್ವ ಹೆಣ್ಣು ನೋಡಾಕ ಹೊಂಟಾಳ. ಯಾಕ ಓದಲಿಲ್ಲ ನೀ ಹೆಸರು?”

“ಮನಸು ಹೂಂ ಅಂತಲ್ರಿ ಆಪಾ… ಅದಕ್ಕೇ ಓದಾಕ ಆಗಲಿಲ್ಲ.” ಸೌಭಾಗ್ಯ ಅತ್ತುಬಿಟ್ಟಳು.

ಖುರ್ಷೀದಬೇಗಂ ಅವಳ ತಲೆ ಸವರಿದಳು. ಹದಿನೈದು ವರ್ಷ ಹೆಸರು ಹೇಳದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ನಮ್ಮ ರೇಡಿಯೊ ಕಡೇಚೂರಿಗೆ ಮುಟ್ಟಂಗಿಲ್ಲವಾ. ಗೋಗಿ ದಾಟಿದ್ರ ಬರೀ ಗೊರ್ರಂತದ.”

“ಅವರವ್ವ ಗೋಗ್ಯಾಗೇ ಅದಾರಲ್ರಿ. ಅವರು ಕೇಳ್ತಾರೇನು?”

“ಮಗ ಬಿಟ್ಟು ಹೋದ ರೇಡಿಯೊ ಅಂತ. ಬಂದ್ ಮಾಡೇ ಇಲ್ಲಂತ.”

ಅಂದು ಸಂಜೆ ಐದು. ಮೊದಲ ಹಾಡಿನ ಡೋಲು ನಿಂತಿತು. ಕೆಳಗೆ ಬಜಾರಿನಲ್ಲಿ ಅಪ್ಪನ ಅಂಗಡಿ, ಅಲ್ಲಿಯೂ ರೇಡಿಯೊ. ಒಮ್ಮೆ ಬಾಯಿಂದ ಹೊರಬಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಮಾತಲ್ಲ ಇದು. ಸೌಭಾಗ್ಯ ಕಣ್ಣು ಮುಚ್ಚಿದಳು.

“ಒಂದು ಹಳೇ ಚೀಟಿ ಓದೂದು ಉಳದೈತ್ರಿ,” ಅಂದಳು.

“ಕೃಷ್ಣಾ ಹೊಳಿಗೆ ಭೀಮಾ ಕೂಡ್ಯಾಳ ದೂರದಿಂದ ಬಂದು,
ಸಂಗಮನಾಥರ ಹೆಸರು ಹೇಳ್ತೇನಿ, ಅವರಾಕಿ ನಾ ಅಂದು.”

ಗೋಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಸಂಗಮನಾಥನ ಅವ್ವ ಪಾರ್ವತಿಬಾಯಿಯ ಕೈ ನಿಂತಿತು. ಕಣ್ಣಿಗೆ ಬಂದ ನೀರು ಖಾರದ್ದೋ ಒಡಪಿನದ್ದೋ. ಎದ್ದು ಪಕ್ಕದ ಮನೆಯವರಿಂದ ಮಗನಿಗೆ ಫೋನು ಹಚ್ಚಿಸಿದಳು.

“ಲೇ ಸಂಗ್ಯಾ, ಹೆಸರು ಓದಲಿಲ್ಲಂತ ಮುನಿಸ್ಕೊಂಡು ಹೋಗಿಯಲ್ಲ, ನಿಮ್ಮಪ್ಪನ ಹೆಸರು ನಾ ಯಾವತ್ತರ ಹೇಳೇನೇನೋ?”

ಮಗನ ಉತ್ತರಕ್ಕೂ ಕಾಯದೆ ಅವಳೇ ಮುಂದುವರಿಸಿದಳು.

“ಆ ಹುಡುಗಿ ಊರಿಗೆಲ್ಲ ಕೇಳೂಹಂಗ ಒಡಪು ಹಾಕ್ಯಾಳ. ಸೋಮವಾರ ನಾ ಹೆಣ್ಣು ನೋಡಾಕ ಹೋಗೋದು ಶಹಾಪುರಕ್ಕ. ನೀ ನಾಳೆ ಬಾ.”

ಮರುದಿನ ಸಂಜೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಬಾಗಿಲಲ್ಲಿ ಅವನು. ತಲೆಯೆಲ್ಲ ಅದೇ ಧೂಳು, ಕೈಯಲ್ಲಿ ಕೀಲಿಯ ಬದಲು ಚೀಟಿ.

“ಡಬ್ಬ್ಯಾಗ ಹಾಕಬೇಕಿತ್ರಿ,” ಅಂದಳು ತಲೆ ಎತ್ತದೆ.

“ಡಬ್ಬಿ ನಂಬಿ ಒಮ್ಮೆ ಕೆಟ್ಟೇನಿ.”

ಖುರ್ಷೀದಬೇಗಂ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು. “ಗುಡ್ಡಿ ಅಬ್ಬಾಗ ಚಹಾ ಮಾಡಬೇಕವಾ,” ಎಂದು ಇಳಿದು ಹೋದಳು.

“ನಾ ದಡ್ಡ,” ಅಂದ ಸಂಗಮನಾಥ. “ನಿನ್ನೆ ಊರೆಲ್ಲ ನಿಮ್ಮ ಬಾಯಾಗ ನನ್ನ ಹೆಸರು ಕೇಳೈತಿ. ಕೇಳಲಾರದವ ನಾ ಒಬ್ಬನೇ. ನನಗೊಮ್ಮೆ ಹೇಳ್ರಿ.”

ಅವಳು ಕೆಂಪು ದೀಪದ ಕಡೆ ನೋಡಿದಳು. “ಮೈಕ್ ಬಂದ್ ಐತೇನು?”

“ಐತಿ.”

“ಬಾಗ್ಲ?”

ಅವನು ಬಾಗಿಲು ಮುಂದೆ ಮಾಡಿದ. ಗೋಣಿತಟ್ಟಿನ ಗೋಡೆಗಳು ಬಜಾರಿನ ಗದ್ದಲವನ್ನೆಲ್ಲ ನುಂಗಿಕೊಂಡವು. ಸೌಭಾಗ್ಯ ಅವನ ಕಿವಿಯ ಹತ್ತಿರ ಬಂದಳು. ಒಡಪಿಲ್ಲ, ಪ್ರಾಸವಿಲ್ಲ, ಊರಿಲ್ಲ. ಬರೀ ಹೆಸರು.

ಅವನು ಕಣ್ಣು ಮುಚ್ಚಿ ನಿಂತಿದ್ದ.

“ಕೇಳಿಸ್ಲಿಲ್ಲ,” ಅಂದ.

“ಸುಳ್ಳ ಹೇಳಬ್ಯಾಡ್ರಿ,” ಅಂದಳು ಅವಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು. “ಮತ್ತ ಹೇಳಂಗಿಲ್ಲ.”