ನಲವತ್ತೊಂದನೇ ಮನೆಯ ಊಟ

"ಯಾರೋ ನೀನು! ಇಳಿ! ಮೊದಲು ಕೆಳಗಿಳಿ!"

ಕೋಲಾಪ್ ಕೈಯಲ್ಲಿ ದೋಣಿಯ ಹುಟ್ಟು ಹಿಡಿದು ನಿಂತಿದ್ದಳು. ತಲೆಗೆ ಹಾಕಿಕೊಂಡ ಸೋಪಿನ ನೊರೆ ಹುಬ್ಬಿನವರೆಗೂ ಇಳಿದಿತ್ತು. ಎದುರಿಗೆ ಕನ್ನಡಕದ ಯುವಕನೊಬ್ಬ, ಒಂದು ಕಾಲು ತನ್ನ ದೋಣಿಯಲ್ಲಿ, ಇನ್ನೊಂದು ಕಾಲು ಅವಳ ಮನೆಯ ತೇಲುವ ಜಗಲಿಯ ಮೇಲೆ ಇಟ್ಟುಕೊಂಡು ತೂಗಾಡುತ್ತಿದ್ದ.

"ಇದು... ಸಾಮ್ ತಾತನ ಮನೆ ಅಲ್ವಾ?"

"ಸಾಮ್ ತಾತನ ಹಾಗೆ ಕಾಣ್ತೀನಾ ನಾನು?"

"ಛೆ, ಇಲ್ಲ! ಆದರೆ ನಕ್ಷೆ ಇಲ್ಲೇ ಅಂತಿದೆ. ಅರವತ್ತು ಮನೆಗಳ ಪಟ್ಟಿಯಲ್ಲಿ ಇಪ್ಪತ್ತೇಳನೇ ಮನೆ. ಏಪ್ರಿಲ್‌ನಲ್ಲಿ ನಮ್ಮವರೇ ಬಂದು ಗುರುತು ಹಾಕಿಕೊಂಡಿದ್ದಾರೆ, ನೋಡಿ!"

ಅವನು ಫೋನು ತೋರಿಸಲು ಕೈ ಚಾಚಿದ. ದೋಣಿ ಹಿಂದಕ್ಕೆ ಸರಿಯಿತು. ಎರಡು ಕಾಲುಗಳ ನಡುವಿನ ನೀರು ಅಗಲವಾಯಿತು... ಇನ್ನೂ ಅಗಲವಾಯಿತು... ದಬಾರ್!

ಕೋಲಾಪ್ ಹುಟ್ಟನ್ನು ಚಾಚಿ ಅವನನ್ನು ಎಳೆದುಕೊಂಡಳು. ಕನ್ನಡಕ ಒಂದೇ ಕಿವಿಯಲ್ಲಿ ನೇತಾಡುತ್ತಿತ್ತು. ಅವಳ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ತೊನ್ಲೆ ಸಾಪ್ ಸರೋವರದಲ್ಲಿ ಮಳೆಗಾಲದ ನೀರು ಏರಿದರೆ ಊರೂ ಎದ್ದು ಹೊರಡುತ್ತದೆ. ಮನೆಗಳ ಹಗ್ಗ ಬಿಚ್ಚಿ, ದೋಣಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ. ಒಬ್ಬರು ಬಿಟ್ಟ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಅಲ್ಲಿಯ ಮೂರು ವರ್ಷದ ಮಗುವಿಗೂ ಗೊತ್ತಿರುವ ಈ ಸಂಗತಿ, ವಿಶ್ವವಿದ್ಯಾಲಯದಲ್ಲಿ ಕೂತು ನಕ್ಷೆ ಮಾಡಿದ ದೊಡ್ಡ ತಲೆಗಳಿಗೆ ಗೊತ್ತಿರಲಿಲ್ಲ!

"ಸಾಮ್ ತಾತ ಆ ಮರಗಳ ಆಚೆ ಹೋಗಿ ಹತ್ತು ದಿನ ಆಯ್ತು. ನಿಮ್ಮ ಅರವತ್ತು ಮನೆಗಳಲ್ಲಿ ಒಂದೂ ಏಪ್ರಿಲ್ ಜಾಗದಲ್ಲಿ ಇಲ್ಲ," ಎಂದಳು ಕೋಲಾಪ್.

ಅವನ ಮುಖ ನೋಡಿ ಅವಳ ಅಮ್ಮ ನೀಮ್‌ಗೆ ಅಯ್ಯೋ ಎನಿಸಿತು. "ಏ ಕೋಲಾಪ್, ನೀನೇ ಕರ್ಕೊಂಡು ಹೋಗಿ ತೋರಿಸೇ. ಇಲ್ಲದಿದ್ದರೆ ಈ ಹುಡುಗ ನೀರಲ್ಲೇ ಮುದುಕ ಆಗ್ತಾನೆ."

ಹುಡುಗನ ಹೆಸರು ಪಿಸೆತ್. ಸರೋವರದಲ್ಲಿ ಮೀನು ಕಡಿಮೆಯಾದ ಮೇಲೆ ನೀರಿನ ಮೇಲಿನ ಮನೆಗಳು ಹೇಗೆ ಬದುಕುತ್ತಿವೆ, ಏನು ತಿನ್ನುತ್ತಿವೆ ಎಂಬುದು ಅವನ ತಂಡದ ಸಂಶೋಧನೆ. ಈ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗಿ ಕೇಳಬೇಕು.

ಮೂರು ದಿನ ಕೋಲಾಪ್ ದೋಣಿ ನಡೆಸಿದಳು. ಅವನು ಮುಂದೆ ಕೂತು ಹೊಸ ನಕ್ಷೆ ಬರೆದ. ಅವಳು ಹೇಳಿದ್ದಕ್ಕೆಲ್ಲ "ಹೌದಾ!" ಎನ್ನುತ್ತಿದ್ದ. ಯಾವ ಗಾಳಿಗೆ ಮೀನು ಮೇಲೆ ಬರುತ್ತದೆ, ಯಾವ ಪೊದೆಯಲ್ಲಿ ಮೊಟ್ಟೆ ಇಡುತ್ತದೆ... ಎಲ್ಲವನ್ನೂ ಬರೆದುಕೊಂಡ. ಓದಿದವನೊಬ್ಬ ತನ್ನ ಮಾತನ್ನು ಬರೆದುಕೊಳ್ಳುವುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

'ಇವನು ನಕ್ಕರೆ ನನಗ್ಯಾಕೆ ಹೀಗಾಗುತ್ತೆ? ಥೂ... ಹುಟ್ಟು ಹಾಕು ಸುಮ್ಮನೆ!'

ನಾಲ್ಕನೇ ದಿನ ಅವಳ ಮನೆಯದೇ ಸರದಿ ಬಂತು. ಪಟ್ಟಿಯಲ್ಲಿ ನಲವತ್ತೊಂದನೇ ಮನೆ.

"ಕಳೆದ ತಿಂಗಳು ಈ ಮನೆಯಲ್ಲಿ ಯಾರಾದರೂ, ತಿನ್ನೋಕೆ ಇಲ್ಲ ಅಂತ ಊಟ ಬಿಟ್ಟ ದಿನ ಎಷ್ಟು?" ಪಿಸೆತ್ ತಲೆ ತಗ್ಗಿಸಿಕೊಂಡೇ ಕೇಳಿದ.

"ಒಂದೂ ಇಲ್ಲಪ್ಪ," ನೀಮ್ ಥಟ್ಟನೆ ಹೇಳಿದಳು.

"ಹನ್ನೊಂದು," ಎಂದಳು ಕೋಲಾಪ್. "ಅಮ್ಮ ಬಿಟ್ಟಿದ್ದು. ನನಗೆ ಬಡಿಸಿ, ನಂದು ಆಗಿದೆ ಅಂತಾಳೆ. ಪಾತ್ರೆ ತೊಳೆಯೋಳು ನಾನು, ನನಗೆ ಗೊತ್ತಾಗಲ್ವಾ?"

ಪಿಸೆತ್‌ನ ಪೆನ್ನು ಬಹಳ ಹೊತ್ತು ಕಾಗದದ ಮೇಲೆ ನಿಂತೇ ಇತ್ತು.

ಆ ದಿನ ಬಲೆಗೆ ಒಳ್ಳೆಯ ಮೀನು ಬಿದ್ದಿತ್ತು. ಕೋಲಾಪ್ ಹಳದಿ ಹೂ ಹಾಕಿ ಹುಳಿಸಾರು ಮಾಡಿದ್ದಳು. ಬೆಳಿಗ್ಗೆಯೇ ದೋಣಿಯಲ್ಲಿ ಹೋಗಿ ಆ ಹೂ ಕಿತ್ತು ತಂದಿದ್ದಳು. ಯಾರಿಗೋಸ್ಕರ ಎಂದು ಬೇರೆ ಹೇಳಬೇಕೇ?

"ಏಳಿ, ಊಟ ಮಾಡಿ," ಎಂದು ತಟ್ಟೆ ಇಟ್ಟಳು.

ಪಿಸೆತ್ ಗಡಬಡಿಸಿ ಎದ್ದ. "ಇಲ್ಲ... ಬೇಡ. ನಾನು ಇಲ್ಲಿ ಊಟ ಮಾಡೋ ಹಾಗಿಲ್ಲ."

"ಹಾಗಿಲ್ಲ ಅಂದ್ರೆ?"

"ನಿಯಮ... ಕ್ಷಮಿಸಿ."

ಕಾಗದಗಳನ್ನು ಎದೆಗೆ ಅವುಚಿಕೊಂಡು ಹೊರಟೇ ಹೋದ.

'ಹನ್ನೊಂದು ಅಂತ ಹೇಳಿದ್ದೇ ತಪ್ಪಾಯ್ತು! ಹಸಿದವರ ಮನೆ ಅನ್ನ ಗಂಟಲಲ್ಲಿ ಇಳಿಯಲ್ಲ ಇವನಿಗೆ!'

ಎರಡು ದಿನ ಕಳೆಯಿತು. ತೇಲುವ ಶಾಲೆಯ ಮೇಷ್ಟ್ರ ಮನೆಯ ಮುಂದೆ ದೋಣಿಯಲ್ಲಿ ಹೋಗುವಾಗ ಅವಳು ಕಣ್ಣಾರೆ ನೋಡಿದಳು. ಪಿಸೆತ್ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಿದ್ದ! ಮೇಷ್ಟ್ರ ತಂಗಿ ಮುಸಿಮುಸಿ ನಗುತ್ತಾ ಬಡಿಸುತ್ತಿದ್ದಳು.

'ನಿಯಮವಂತೆ ನಿಯಮ! ಸಂಬಳದ ಮನೆಯಲ್ಲಿ ನಿಯಮ ಇಲ್ಲ, ನಮ್ಮನೇಲಿ ಮಾತ್ರ ನಿಯಮ!'

ಕಣ್ಣೀರು ಬಂತು. ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಮುಂದಿನ ತಿಂಗಳು ಅವಳ ಜಗಲಿ ಹತ್ತಿದ್ದು ಪಿಸೆತ್ ಅಲ್ಲ, ಅವನ ತಂಡದ ಲಿದಾ ಎಂಬ ಹುಡುಗಿ.

"ಇನ್ಮೇಲೆ ನಿಮ್ಮ ಮನೆಗೆ ನಾನೇ ಬರ್ತೀನಿ ಅಕ್ಕಾ. ಪಿಸೆತ್ ಈ ಒಂದು ಮನೆ ಬಿಟ್ಟುಕೊಟ್ಟ."

"ಒಂದು ಮನೆ... ನಮ್ಮದೊಂದೇನಾ?"

"ಹ್ಞೂಂ. ಯಾಕೆ ಅಂತ ಅವನನ್ನೇ ಕೇಳಿ, ನನಗೆ ನಗು ಬರುತ್ತೆ."

ನಗುವಂತೆ ನಗು! ಕೋಲಾಪ್ ದೋಣಿಗೆ ಹಾರಿದಳು. ತೇಲುವ ಶಾಲೆಯ ಕಟ್ಟೆಯ ಮೇಲೆ ಪಿಸೆತ್ ಕಾಗದ ಜೋಡಿಸುತ್ತಿದ್ದ. ಇವಳ ದೋಣಿ ಬಂದು ಗುದ್ದಿದ ರಭಸಕ್ಕೆ ಅರ್ಧ ಕಾಗದ ಚೆಲ್ಲಾಪಿಲ್ಲಿಯಾಯಿತು.

"ಏನಯ್ಯಾ ದೊಡ್ಡ ಮನುಷ್ಯ! ನಮ್ಮನೆ ಅನ್ನ ಆಗಲ್ಲ, ಇವತ್ತು ನಮ್ಮನೆ ಜಗಲೀನೂ ಆಗಲ್ವಾ? ಮನಸ್ಸು ಬಿಚ್ಚಿ ನಿಜ ಹೇಳಿದೆನಲ್ಲ, ಅದಕ್ಕೆ ಈ ಮರ್ಯಾದೇನಾ?"

"ಕೋಲಾಪ್, ಒಂದು ನಿಮಿಷ..."

"ಮೇಷ್ಟ್ರ ಮನೆ ಸಾರು ಮಾತ್ರ ಚೆನ್ನಾಗಿ ಇಳಿಯುತ್ತೆ! ಬಡಿಸೋ ಕೈನೂ ಚೆನ್ನಾಗಿದೆ!"

"ಮೇಷ್ಟ್ರ ಮನೆ ಪಟ್ಟಿಯಲ್ಲೇ ಇಲ್ಲ ಮಾರಾಯ್ತಿ!" ಪಿಸೆತ್ ಕೂಗಿಯೇಬಿಟ್ಟ. "ಪ್ರಶ್ನೆ ಕೇಳುವವನು ಉತ್ತರ ಕೊಡೋರ ಮನೇಲಿ ಒಂದು ತುತ್ತೂ ತಿನ್ನಬಾರದು. ಅರವತ್ತು ಮನೆಗೂ ಅದೇ ನಿಯಮ! ಉಂಡ ಮನೆ ಬಗ್ಗೆ ಕೈ ನೆಟ್ಟಗೆ ಬರೆಯಲ್ಲ ಅಂತ."

ಕೋಲಾಪ್ ಕೈಯಲ್ಲಿದ್ದ ಹುಟ್ಟನ್ನು ಕೆಳಗಿಟ್ಟಳು.

"ನನ್ನ ಕೈ ಉಣ್ಣೋಕೆ ಮುಂಚೆನೇ ಕೆಟ್ಟಿತ್ತು," ಅವನ ದನಿ ಇಳಿಯಿತು. "ನೀವು ಹನ್ನೊಂದು ಅಂದಾಗ ಅದು ಬರೆಯಲಿಲ್ಲ. ಎರಡು ಅಂತ ಬರೆದುಬಿಡೋಣ, ನಿಮ್ಮನೇಲಿ ಯಾರೂ ಹಸಿದಿರೋದೇ ಬೇಡ ಅನ್ನಿಸ್ತು. ಕಷ್ಟಪಟ್ಟು ಹನ್ನೊಂದು ಅಂತ ಬರೆದೆ. ಆಮೇಲೆ ಆ ಹುಳಿಸಾರಿನ ವಾಸನೆ... ಓಡಿಹೋಗದೆ ಇನ್ನೇನು ಮಾಡಲಿ? ಪ್ರೊಫೆಸರ್ ಮುಂದೆ ನಿಂತು, ಆ ಮನೆಗೆ ನಾನು ಪ್ರಶ್ನೆ ಕೇಳೋಕೆ ಲಾಯಕ್ಕಿಲ್ಲ ಅಂದೆ. ಯಾಕೆ ಅಂದ್ರು. ಆ ಮನೆ ಹುಡುಗಿ ಮೇಲೆ ನನಗೆ ಮನಸ್ಸಾಗಿದೆ ಅಂದೆ."

"ಪ್ರೊಫೆಸರ್‌ಗೆ ಹೇಳಿದ್ರಾ!"

"ಚೆನ್ನಾಗಿ ಬೈದ್ರು. ಆಮೇಲೆ ನಿಮ್ಮನೆ ಕಾಗದ ಲಿದಾಗೆ ಕೊಟ್ರು."

"ಊರಿಗೆಲ್ಲ ಹೇಳಿ ಆಯ್ತು! ನನಗೆ ಹೇಳೋಕೆ ಏನಾಗಿತ್ತು?"

"ಕಾಗದ ಇವತ್ತು ಬೆಳಿಗ್ಗೆ ಕೈ ಬದಲಾಯ್ತು. ಅದಕ್ಕೆ ಮುಂಚೆ ಹೇಳಿದ್ರೆ ತಪ್ಪಾಗ್ತಿತ್ತು... ಸಂಜೆ ಬರೋಣ ಅಂತಿದ್ದೆ."

ಎಂಥ ಪೆದ್ದ! ಇಷ್ಟು ನೆಟ್ಟಗಿನ ಮನುಷ್ಯನ ಮೇಲೆ ತಿಂಗಳಿಡೀ ಹಲ್ಲು ಕಡಿದೆನಲ್ಲ! ಕೋಲಾಪ್‌ಗೆ ಅಳು ಬಂತು, ನಗು ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ.

"ಹತ್ತಿ ದೋಣಿ," ಎಂದಳು.

"ಎಲ್ಲಿಗೆ?"

"ಹೊಟ್ಟೆ ಹಸಿದಿಲ್ವಾ?"

ಮನೆಯಲ್ಲಿ ಹುಳಿಸಾರು ಇರಲಿಲ್ಲ. ಅನ್ನ, ಸುಟ್ಟ ಒಣಮೀನು, ಇಷ್ಟೇ. ಪಿಸೆತ್ ತಟ್ಟೆ ಮುಂದೆ ಕೂತ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ನೀಮ್ ಮಗಳ ಮುಖವನ್ನೂ ಅವನ ಮುಖವನ್ನೂ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತನ್ನ ಪಾಲಿನ ಮೀನನ್ನೂ ಅವನ ತಟ್ಟೆಗೆ ಹಾಕಲು ಹೋದಳು.

ಪಿಸೆತ್ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ. "ನೀವು ತಿನ್ನೋವರೆಗೂ ನಾನು ಎರಡನೇ ತುತ್ತು ಮುಟ್ಟಲ್ಲ ಚಿಕ್ಕಮ್ಮ."

"ನಂದು ಆಗಿದೆಯಪ್ಪ..."

"ಆಗಿಲ್ಲ ಅಂತ ನನಗೂ ಗೊತ್ತು."

ನೀಮ್ ಸೆರಗಿನಂತೆ ಹೊದ್ದ ವಸ್ತ್ರದ ಅಂಚಿನಿಂದ ಮೂಗು ಒರೆಸಿಕೊಂಡಳು. ತಟ್ಟೆ ತಂದಳು. ಕೂತಳು. ಉಂಡಳು.

"ನಿಮ್ಮಮ್ಮನ್ನ ಯಾವಾಗ ಕರ್ಕೊಂಡು ಬರ್ತೀಯ?" ಅನ್ನ ಅಗಿಯುತ್ತಲೇ ಕೇಳಿದಳು.

"ಭಾನುವಾರ," ಎಂದ ಪಿಸೆತ್, ಯೋಚಿಸದೆ.

ಕೋಲಾಪ್‌ಳ ಕಿವಿಯವರೆಗೂ ಕೆಂಪೇರಿತು. "ನನ್ನ ಒಪ್ಪಿಗೆ ಯಾರಾದರೂ ಕೇಳಿದ್ರಾ?"

ಪಿಸೆತ್ ಕನ್ನಡಕ ತೆಗೆದ. ಮೊದಲ ಸಲ ಅವಳನ್ನು 'ನೀನು' ಎಂದ.

"ಕೋಲಾಪ್... ನಿನಗೆ ನಾನು ಬೇಕಾ?"

ಅವಳು ಇನ್ನೊಂದು ಸೌಟು ಅನ್ನ ಅವನ ತಟ್ಟೆಗೆ ಹಾಕಿದಳು, ಅರ್ಧ ಚಾಪೆಯ ಮೇಲೆ ಬಿತ್ತು.

"ಮೊದಲು ಉಣ್ಣು," ಎಂದಳು. "ಬೇಡದವನಿಗೆ ಯಾರಾದರೂ ಇಷ್ಟು ಬಡಿಸ್ತಾರಾ?"