ಹಿಂದಿನ ಸೀಟು

ಬಾಡಿಗೆ ಅಂಗಡಿಯಾಕೆ ಹೊರಗೆ ತಂದು ನಿಲ್ಲಿಸಿದ್ದು ಒಂದೇ ಸೈಕಲ್ಲು. ಉದ್ದನೆಯದು, ಎರಡು ಸೀಟು, ಎರಡು ಹ್ಯಾಂಡಲ್ಲು. ಇನ್ನೊಂದು ಬರುತ್ತದೇನೋ ಅಂತ ನಾನು ಬಾಗಿಲ ಕಡೆ ನೋಡುತ್ತಾ ನಿಂತೆ. ಬರಲಿಲ್ಲ.

“ಏನ್ರೀ ಇದು? ನಂಗೆ ಸೈಕಲ್ ಹೊಡಿಯೋಕೆ ಬರಲ್ವಾ?”

“ಬರತ್ತೆ.”

“ಮತ್ತೆ?”

ನನ್ನ ಗಂಡ ಹೆಲ್ಮೆಟ್ಟಿನ ಪಟ್ಟಿಯ ಜೊತೆ ಗುದ್ದಾಡುತ್ತಾ, ನನ್ನ ಮುಖ ನೋಡದೆ ಹೇಳಿದರು: “ಬೇರೆ ಬೇರೆ ಇರೋದು ಮನೇಲಿ ಇದ್ದೇ ಇದ್ಯಲ್ಲ. ಇಲ್ಲಿಗೆ ಬಂದೂ ಅದೇ ಯಾಕೆ ಅಂತ.”

ನಾನು ಹಿಂದಿನ ಕ್ಯಾರಿಯರಿಗೆ ಬ್ಯಾಗು ಕಟ್ಟಿದೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಇವರು ಬೇಕರಿಯೊಂದರ ದೊಡ್ಡ ಒಲೆಯ ಯಜಮಾನರು. ಊರು ಏಳುವ ಮೊದಲೇ ಹಿಟ್ಟಿಗೆ ಕೈ ಹಾಕಬೇಕು. ನಾನು ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಇವರು ಹೊರಟಾಗಿರುತ್ತದೆ. ಇವರು ಬಂದು ಊಟಕ್ಕೆ ಕೂರುವಾಗ ನಾನು ಹೆಣದಂತೆ ಬಿದ್ದಿರುತ್ತೇನೆ. ಒಬ್ಬರು ಬಿಟ್ಟ ದಿಂಬಿನ ಬಿಸಿಯನ್ನು ಇನ್ನೊಬ್ಬರು ಬಳಸಿಕೊಳ್ಳುವುದೇ ನಮ್ಮ ಸಂಸಾರ. ಸಿಟ್ಟು, ಜಗಳ ಏನೂ ಇಲ್ಲ. ಜಗಳಕ್ಕೂ ಇಬ್ಬರು ಎಚ್ಚರವಾಗಿರಬೇಕಲ್ಲ!

ಅಕ್ಕನ ಊರಿನ ಆಸ್ಪತ್ರೆಯಲ್ಲಿ ನನಗೆ ಹಗಲು ಪಾಳಿಯ ಕೆಲಸ ಸಿಕ್ಕಿತ್ತು. ಗುಡ್ಡಗಾಡಿನ ಈ ಸೈಕಲ್ ರಜೆ ಮುಗಿಯುವುದರೊಳಗೆ ಹೂಂ ಅನ್ನಬೇಕು. ನಾನು ಮನಸ್ಸಿನಲ್ಲೇ ಅಂದೂ ಆಗಿತ್ತು. ಇವರಿಗೆ ಹೇಳುವುದೊಂದೇ ಬಾಕಿ. ನೀವೂ ಬನ್ನಿ ಅಂತ ಕರೆಯುವ ಆಸೆ ಇರಲಿಲ್ಲವೇ? ಇತ್ತು. ಆದರೆ ಮೀಸೆ ಮೂಡುವ ಮೊದಲಿನಿಂದ ಆ ಒಲೆಯ ಮುಂದೆ ನಿಂತ ಮನುಷ್ಯ ಅದನ್ನು ಬಿಟ್ಟು ಎಲ್ಲಿಗೆ ಬಂದಾರು? ಕರೆದು, ಇಲ್ಲ ಅನ್ನಿಸಿಕೊಳ್ಳುವಷ್ಟು ತ್ರಾಣ ನನಗೆ ಉಳಿದಿರಲಿಲ್ಲ.

“ಮುಂದೆ ಕೂತವರು ಎಲ್ಲಾನೂ ಬಾಯಿಬಿಟ್ಟು ಹೇಳ್ತಾ ಇರ್ಬೇಕು,” ಅಂದಳು ಅಂಗಡಿಯಾಕೆ. “ಹಿಂದಿನವರಿಗೆ ರಸ್ತೆ ಕಾಣಲ್ಲ. ಬ್ರೇಕೂ ಇರಲ್ಲ.”

“ಇವರು? ಬಾಯಿಬಿಟ್ಟು? ಆದ ಹಾಗೇ!” ಅಂತ ನಕ್ಕೆ.

ಆದರೆ ಹೇಳಿದರು. ಮೊದಲ ಗುಡ್ಡದಿಂದಲೇ ಶುರು. “ಗುಂಡಿ.” “ತಿರುವು, ಎಡಕ್ಕೆ.” “ಬ್ರೇಕ್ ಹಾಕ್ತೀನಿ.” ಒಂದು ವರ್ಷದಲ್ಲಿ ಆಡುವಷ್ಟು ಮಾತನ್ನು ಇವರು ಒಂದೇ ದಿನ ಆಡಿದರು.

ಸುತ್ತ ಹುಲ್ಲುಗುಡ್ಡಗಳು, ಕಲ್ಲುಗಳ ನಡುವೆ ಕುರಿಗಳು, ಕೆಳಗೆಲ್ಲೋ ನೀಲಿ ಕೆರೆ. ನಾನು ಜಾಸ್ತಿ ನೋಡಿದ್ದು ಮಾತ್ರ ಇವರ ಕತ್ತು. ಬಿಸಿಲಿಗೆ ಕೆಂಪಾಗಿತ್ತು. ಬಲಗಿವಿಯ ಹಿಂದೆ ಒಂದು ಮಚ್ಚೆ ಇತ್ತು. ಇಷ್ಟು ವರ್ಷ ಕಾಪುರ ಮಾಡಿದ್ದೇನೆ, ಆ ಮಚ್ಚೆ ನನಗೆ ಗೊತ್ತೇ ಇರಲಿಲ್ಲ. ಕನ್ನಡಿಯಲ್ಲಿ ಕಾಣದ ಜಾಗ, ಇವರಿಗೂ ಗೊತ್ತಿರಲಿಕ್ಕಿಲ್ಲ. ಮುಟ್ಟೋಣ ಅನ್ನಿಸಿತು. ಬೆರಳು ಅಲ್ಲಿಯವರೆಗೂ ಹೋಯಿತು.

“ಏನು?” ಅಂದರು.

“ಸೊಳ್ಳೆ.”

“ಈ ಗಾಳೀಲಾ?”

“ಮುಂದೆ ನೋಡ್ಕೊಂಡ್ ಓಡಿಸ್ರೀ!”

ಮರುದಿನ ಮಧ್ಯಾಹ್ನ ಉದ್ದನೆಯ ಏರು. ಕಣ್ಣು ಎಳೆಯುತ್ತಿತ್ತು. ಒಂದೇ ಒಂದು ಸಲ ರೆಪ್ಪೆ ಮುಚ್ಚಿದೆ ಅಷ್ಟೆ. ತೆರೆದರೆ ನನ್ನ ಹಣೆ ಇವರ ಬೆನ್ನ ಮೇಲಿತ್ತು, ಸೈಕಲ್ಲು ಗುಡ್ಡದ ನೆತ್ತಿಯಲ್ಲಿತ್ತು. ಮುಂದಿನ, ಹಿಂದಿನ ಪೆಡಲ್ಲುಗಳು ಒಂದೇ ಚೈನಿಗೆ ಸೇರಿದ್ದರಿಂದ, ಪೆಡಲ್ಲಿಗೆ ಪಟ್ಟಿ ಕಟ್ಟಿದ ನನ್ನ ಕಾಲು ತನ್ನ ಪಾಡಿಗೆ ಸುತ್ತುತ್ತಿತ್ತು.

“ನಿದ್ದೆ ಬಂದ್ಬಿಡ್ತಾ ನಂಗೆ?”

“ಇಲ್ವಲ್ಲ. ನೀನು ತುಳೀತಾನೇ ಇದ್ದೆ.”

ನನಗೆ ಎಂಥಾ ಹೆಮ್ಮೆ! ಸಂಜೆ ತಂಗುವ ಮನೆಯಲ್ಲಿ ಕಾಲು ಚಾಚಿ ಕೂತು, “ನೀವು ಸರಿಯಾಗಿ ತುಳಿದಿದ್ರೆ ನನ್ ಮಂಡಿ ಹೀಗ್ ನೋಯ್ತಿತ್ತಾ?” ಅಂತ ಬೈದೆ. “ನಂದೇ ತಪ್ಪು,” ಅಂತ ಇವರು ಬಿಸಿನೀರು ತಂದುಕೊಟ್ಟರು.

ಮುಖ ನೋಡಿ ಹೇಳಲಾಗದ್ದನ್ನು ಬೆನ್ನಿಗೆ ಹೇಳುವುದು ಸುಲಭ. ಅದರ ಮಾರನೆಯ ದಿನ ಹೇಳಿಯೇಬಿಟ್ಟೆ.

“ರೀ, ನಂಗೆ ಅಕ್ಕನ ಊರಲ್ಲಿ ಹಗಲು ಪಾಳಿ ಸಿಕ್ಕಿದೆ. ಹೋಗ್ತೀನಿ.”

ಪೆಡಲ್ಲು ತಿರುಗುತ್ತಲೇ ಇತ್ತು.

“ಗುಂಡಿ,” ಅಂದರು.

ನನಗೆ ಪಿತ್ತ ನೆತ್ತಿಗೇರಿತು. “ಅಷ್ಟೇನಾ?”

“ದೊಡ್ಡ ಗುಂಡಿ ಕಣೇ.” ಸ್ವಲ್ಪ ದೂರ ಹೋದ ಮೇಲೆ, “ಹೋಗು,” ಅಂದರು. “ನಿನ್ ಕಣ್ಣು ನೋಡಿದ್ರೆ ಹೊಟ್ಟೆಗೆ ಬೆಂಕಿ ಇಟ್ಟ ಹಾಗಾಗತ್ತೆ. ರಾತ್ರಿ ಹೊತ್ತು ನಿದ್ದೆಯಾದ್ರೂ ಮಾಡು.”

ಬೇಡ ಅನ್ನಲಿಲ್ಲ. ಒಂದು ಸಲ ಅನ್ನಬಾರದಿತ್ತೇ? ಅಂದಿದ್ದರೆ ಜಗಳವಾಡಿ, ಅತ್ತು, ಕೊನೆಗೆ ಉಳಿದುಬಿಡುತ್ತಿದ್ದೆನೇನೋ. ಹಿಂದಿನ ಸೀಟಿನಲ್ಲಿ ಕೂತು ಸದ್ದಾಗದಂತೆ ಅತ್ತೆ. “ತಿರುವು, ಬಲಕ್ಕೆ,” ಅಂದರು ಇವರು. ದನಿ ಒಡೆದಿತ್ತು. ಗಾಳಿಗೆ ಇರಬೇಕು ಅಂದುಕೊಂಡೆ.

ಕೊನೆಯ ದಿನ ಬೆಳಗ್ಗೆ ನೋಡಿದರೆ ಇವರ ಅಂಗೈ ತುಂಬ ಬೊಬ್ಬೆ. ಒಲೆಯ ತಟ್ಟೆ ಹಿಡಿದು ಜಡ್ಡುಗಟ್ಟಿದ ಕೈಗೂ ಬೊಬ್ಬೆ!

“ಬ್ರೇಕ್ ಹಿಡಿಯೋಕಾಗ್ತಿಲ್ಲ. ಇವತ್ತು ನೀನು ಮುಂದೆ ಕೂತ್ಕೋ,” ಅಂದರು.

ಕೂತೆ. ಮೊದಲು ನಾಲ್ಕು ಸಲ ಓಲಾಡಿದೆವು, ಒಂದು ಸಲ ಪೊದೆಗೆ ನುಗ್ಗಿದೆವು. ಆಮೇಲೆ ಹದ ಸಿಕ್ಕಿತು. ನಾನೂ ಕೂಗತೊಡಗಿದೆ. “ಗುಂಡಿ! ಕುರಿ! ಇನ್ನೊಂದ್ ಕುರಿ!” ಹಿಂದಿನಿಂದ ನಗು ಕೇಳಿಸುತ್ತಿತ್ತು.

ಕೊನೆಯ ಏರಿನ ಅರ್ಧದಲ್ಲಿ ಸೈಕಲ್ಲು ಇದ್ದಕ್ಕಿದ್ದಂತೆ ಭಾರವಾಯಿತು. ಕಾಲಿಗೆ ಗುಂಡುಕಲ್ಲು ಕಟ್ಟಿದ ಹಾಗೆ.

“ಏನ್ರೀ, ತುಳೀರಿ!”

ನನ್ನ ಎರಡು ಭುಜಗಳ ನಡುವೆ ಮೆಲ್ಲಗೆ ಏನೋ ಒರಗಿತು. ಹೆಲ್ಮೆಟ್ಟು. ಇವರು ನಿದ್ದೆ ಹೋಗಿದ್ದರು.

ಏಳಿಸಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಹಿಂದಿನವರು ತುಳಿಯುವುದನ್ನು ನಿಲ್ಲಿಸಿದ ಗಳಿಗೆಯಲ್ಲೇ ಮುಂದಿನವರ ತೊಡೆಗೆ ಗೊತ್ತಾಗಿಬಿಡುತ್ತದೆ. ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಆ ದಿನ ಆ ಉದ್ದನೆಯ ಏರನ್ನು ಪೂರ್ತಿ ಇವರೊಬ್ಬರೇ ಹತ್ತಿದ್ದರು, ನನ್ನನ್ನೂ ಎಳೆದುಕೊಂಡು. ಹತ್ತಿ, ನನ್ನಿಂದ ಬೈಸಿಕೊಂಡು, ಬಿಸಿನೀರು ತಂದಿದ್ದರು.

ಎಂಥಾ ಪೆದ್ದು ಮನುಷ್ಯನಪ್ಪಾ! ಬೈದುಕೊಂಡೇ ತುಳಿದೆ. ಉಸಿರು ಬಾಯಿಗೆ ಬಂತು, ಮಂಡಿ ನಿಜವಾಗಿಯೂ ಉರಿಯಿತು, ಕಣ್ಣಲ್ಲಿ ನೀರು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ಆದರೂ ಗುಂಡಿ ಬಂದಾಗಲೆಲ್ಲ ಪಿಸುದನಿಯಲ್ಲಿ, “ಗುಂಡಿ,” ಅಂದೆ. ಇವರನ್ನು ನಾನು ಎಷ್ಟು ಪ್ರೀತಿಸುತ್ತೇನೆ ಅನ್ನುವುದನ್ನು ಸುಸ್ತಿನಲ್ಲಿ ಮರೆತೇಬಿಟ್ಟಿದ್ದೆ.

ನೆತ್ತಿ ತಲುಪಿದಾಗ ಬೆನ್ನ ಮೇಲಿನ ಭಾರ ಅಲುಗಿತು.

“ನಿದ್ದೆ ಬಂದ್ಬಿಡ್ತಾ ನಂಗೆ?”

“ಇಲ್ವಲ್ಲ. ನೀವು ತುಳೀತಾನೇ ಇದ್ರಿ.”

ಕಳ್ಳ ಸಿಕ್ಕಿಬಿದ್ದಾಗ ನಗುವಂಥ ಒಂದು ಸಣ್ಣ ನಗು ಹಿಂದಿನಿಂದ ಬಂತು.

ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. “ರೀ, ಅಕ್ಕನ ಊರಲ್ಲೂ ಜನ ಬ್ರೆಡ್ ತಿಂತಾರೆ.”

“ತಿನ್ಬೇಕಲ್ಲ ಮತ್ತೆ.”

“ನೀವೂ ಬನ್ನಿ. ನೀವಿಲ್ದೆ ಬರೋ ನಿದ್ದೆ ನಂಗೆ ಬೇಡ.”

“ಕರೆಯೋಕೆ ಇಷ್ಟು ದಿನ ಬೇಕಾಯ್ತೇನೇ?”

“ಬರ್ತೀನಿ ಅಂತ ನೀವೇ ಹೇಳ್ಬಹುದಿತ್ತು!”

“ಹೇಳಿದ್ರೆ, ಒಲೆ ಬಿಟ್ಟು ಬರ್ತಾರಲ್ಲ ಪಾಪ ಅಂತ ನೀನೇ ಹೋಗದೆ ಉಳೀತಿದ್ದೆ. ನಿನ್ನ ನಂಗೊತ್ತಿಲ್ವಾ?” ಬೊಬ್ಬೆಯೆದ್ದ ಕೈಯೊಂದು ನನ್ನ ಸೊಂಟ ಬಳಸಿತು. “ಹಗಲು ಹೊತ್ತು ಬ್ರೆಡ್ ಮಾಡೋ ಬೇಕರಿ ಯಾವ್ದಾದ್ರೂ ಇರತ್ತೆ ಬಿಡು. ಹುಡುಕೋಣ.”

ಮುಂದೆ ರಸ್ತೆ ಕೆಳಗಿಳಿಯುತ್ತಿತ್ತು.

“ಇಳಿಜಾರು,” ಅಂದೆ.

“ಬ್ರೇಕ್ ಹಾಕ್ತೀಯಾ?”

“ಹಾಕ್ತೀನಿ. ನೀವು ಮಲ್ಕೊಳ್ಳಿ.”

ಇವರ ತಲೆ ಮತ್ತೆ ನನ್ನ ಬೆನ್ನಿಗೆ ಒರಗಿತು.