ಬ್ರಾಡ್‌ಗೇಜ್ ಗಾಡಿ

"ಬಲಗಡೆ ವಾಲ್ಕೊಳ್ರಪ್ಪೋ, ಬಲಗಡೆ!" ಎಂದು ಪುಟ್ಟಮಾದಪ್ಪ ಎತ್ತಿನ ಗಾಡಿಯ ಮೂಕಿಯ ಮೇಲಿಂದ ಕೂಗಿದ.

ಗಾಡಿಯೊಳಗೆ ಕೂತಿದ್ದ ಅವನ ಮಗಳು ರತ್ನಿ ಬಲಗಡೆಯ ಗೂಟಕ್ಕೆ ನೇತುಬಿದ್ದಳು. ಅವಳ ಸೋದರಮಾವ ಗುರುಪಾದಸ್ವಾಮಿಯೂ ಅದೇ ಕಡೆಗೆ ವಾಲಿದ. ಅವನು ರತ್ನಿಯ ನಾಲ್ಕರಷ್ಟು ಭಾರವಿದ್ದ. ಆದರೂ ಗಾಡಿ ನೆಟ್ಟಗಾಗಲಿಲ್ಲ.

ಊರಿನಿಂದ ಹನೂರು ರಸ್ತೆಗೆ ಸೇರಬೇಕಾದರೆ ಒಂದು ಹಾಸುಬಂಡೆ ಇಳಿಯಬೇಕು. ಬಂಡೆಯ ಮೈಮೇಲೆ ಗಾಡಿಗಳು ಓಡಾಡಿ ಓಡಾಡಿ ಎರಡು ಜಾಡು ಬಿದ್ದಿದ್ದವು. ಈಗ ಎಡಚಕ್ರ ಜಾಡಿನೊಳಗೆ ಇಳಿದಿತ್ತು. ಬಲಚಕ್ರ ಜಾಡಿನಾಚೆ ಬಂಡೆಯ ಮೇಲೆ ನಿಂತಿತ್ತು. ಇನ್ನು ಎರಡು ಹೆಜ್ಜೆ ಎಳೆದರೆ ಗಾಡಿ ಮಗುಚುವುದು ಎತ್ತುಗಳಿಗೂ ಗೊತ್ತಾಗಿತ್ತು. ಅವು ನಿಂತೇಬಿಟ್ಟವು.

ಮೂವರೂ ಕೆಳಗಿಳಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಗಾಡಿ ಹೊಸದು. ನಿನ್ನೆ ತಾನೆ ಆಚಾರಿ ಮನೆಯಿಂದ ಬಂದದ್ದು. ಊರಿನ ಮಿಕ್ಕ ಗಾಡಿಗಳಿಗಿಂತ ಒಂದು ಗೇಣು ಅಗಲ. ಆ ಒಂದು ಗೇಣು ರತ್ನಿಯದು.

ಗುರುಪಾದ ಮಾವ ಯಳಂದೂರಿನವನು. ಬೆಂಗಳೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಮೇಸ್ತ್ರಿ. ಹಿಂದಿನ ಸಲ ಬಂದಾಗ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ್ದ.

"ನೋಡು ಕೂಸು, ಮದ್ರಾಸಿಂದ ಬರೋದು ದೊಡ್ಡ ಹಳಿ, ಬ್ರಾಡ್‌ಗೇಜು. ಐದೂವರೆ ಅಡಿ. ಮೈಸೂರಿಗೆ ಓಗೋದು ಚಿಕ್ಕ ಹಳಿ. ಮೂರೂಕಾಲು ಅಡಿ, ಮೇಲೊಂಚೂರು. ಇದರ ಡಬ್ಬಿ ಅದರ ಮೇಲೆ ಓಡಾಕಿಲ್ಲ. ಅದಕ್ಕೇ ಮೂಟೆಗಳನ್ನೆಲ್ಲ ಇಲ್ಲಿಂದ ಇಳಿಸಿ ಅಲ್ಲಿಗೆ ತುಂಬಬೇಕು. ತುಂಬಿಸೋದು ಯಾರು? ನಾನು!"

"ಎಲ್ಲಾ ಹಳಿನೂ ಒಂದೇ ಅಗಲ ಮಾಡ್ಬೋದಲ್ಲ ಮಾವ?"

"ಮಾಡ್ಬೋದು. ಆಮೇಲೆ ನಾನೇನು ಮಾಡ್ಲಿ?"

ರತ್ನಿಗೆ ಆ ಪ್ರಶ್ನೆ ಮರೆತುಹೋಯಿತು, ದೊಡ್ಡ ಹಳಿ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಆಗ ಕೊಳ್ಳೇಗಾಲ ಸೀಮೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಂದ ಮೇಲೆ ದೊಡ್ಡ ಹಳಿ ನಮ್ಮದೇ ಅಲ್ಲವೇ? ರೈಲನ್ನು ಅವಳು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ. ಅದರಿಂದ ಹೆಮ್ಮೆಗೇನೂ ಕೊರತೆಯಾಗಲಿಲ್ಲ. ಅಪ್ಪ ಹೊಸ ಗಾಡಿ ಮಾಡಿಸುತ್ತಾನೆಂದಾಗ, "ನಮ್ದು ಬ್ರಾಡ್‌ಗೇಜ್ ಆಗ್ಬೇಕು" ಎಂದು ಹಟ ಹಿಡಿದಳು. ಆಚಾರಿ ತಲೆ ಕೆರೆದುಕೊಂಡ. ಮಾವ ಕಾಗದ ಬರೆದು ಶಭಾಷ್ ಅಂದ. ಒಬ್ಬಳೇ ಮಗಳು. ಅಪ್ಪ ಒಪ್ಪಿದ.

ನಿನ್ನೆ ಸಂಜೆ ಗಾಡಿ ಊರ ಬೀದಿಯನ್ನು ಮೂರು ಸುತ್ತು ಹಾಕಿತು. ಜನ ನೋಡಿದರು. ಬೀದಿಯಲ್ಲಿ ಬಂಡೆಯಿಲ್ಲ, ಜಾಡಿಲ್ಲ. ಗಾಡಿ ರಾಜನ ಹಾಗೆ ಓಡಿತು.

ಇವತ್ತು ಅದರ ತುಂಬ ರೇಷ್ಮೆಗೂಡಿನ ಮಂಕರಿ ಬುಟ್ಟಿಗಳು. ಮನೆಯವರೆಲ್ಲ ನಿದ್ದೆಗೆಟ್ಟು ಹುಳ ಸಾಕಿ, ಹಿಪ್ಪುನೇರಳೆ ಸೊಪ್ಪು ಹಾಕಿ ಪಡೆದ ಗೂಡು. ಬೇಗ ಕೊಳ್ಳೇಗಾಲದ ನೂಲು ತೆಗೆಯುವವರಿಗೆ ಮುಟ್ಟಿಸಬೇಕು. ತಡವಾದರೆ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ.

"ಕೆರೆ ಏರಿ ಮೇಲೆ ಸುತ್ತಾಕಂಡು ಓಗ್ಬೋದಲ್ಲ?" ಎಂದ ಮಾವ.

"ಗದ್ದೆಗೆ ನೀರು ಬಿಟ್ಟವರೆ. ಖಾಲಿ ಗಾಡಿ ಓಗ್ಬೋದು, ತುಂಬಿದ ಗಾಡಿ ಕೆಸರಲ್ಲಿ ಸಿಕ್ಕಾಕತದೆ" ಎಂದ ಅಪ್ಪ.

ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು. ಪಕ್ಕದ ಮನೆಯ ಚಿನ್ನಸ್ವಾಮಿಯ ಹಳೆಯ ಗಾಡಿ. ಹಿಂದೆ ಕಾಲು ಇಳಿಬಿಟ್ಟು ಕೂತಿದ್ದವಳು ಅವನ ಮಗಳು ಮಾದೇವಿ. ಶಾಲೆಯಲ್ಲಿ ರತ್ನಿಯ ಬೆಂಚಿನವಳು. ಬರಬಾರದೆಂದು ರತ್ನಿ ಯಾರನ್ನು ನೆನೆಸುತ್ತಿದ್ದಳೋ ಅವಳೇ.

"ಏನಮ್ಮಿ ರತ್ನಿ, ನಿಮ್ ರೈಲು ಕೂಗ್ತಾನೇ ಇಲ್ವಲ್ಲ? ಸಿಗ್ನಲ್ ಬಿದ್ದಿಲ್ವಾ?"

"ಸುಮ್ಕಿರಮ್ಮಿ!"

ಚಿನ್ನಸ್ವಾಮಿ ಗಾಡಿಯನ್ನೂ ಬಂಡೆಯನ್ನೂ ನೋಡಿದ. ನಗು ಬಂತು, ನುಂಗಿಕೊಂಡ. "ನಾನೂ ಕೊಳ್ಳೇಗಾಲಕ್ಕೇ ಓಯ್ತಿರೋದು. ಅರ್ಧ ಗಾಡಿ ಖಾಲಿ ಅದೆ. ಮಂಕರಿಗಳ ಇದಕ್ಕೆ ಬದಲಾಯಿಸ್ಕೊಳ್ಳಿ, ಮಾದಪ್ಪಣ್ಣ" ಎಂದ.

ಅಪ್ಪ ಎತ್ತುಗಳನ್ನು ಹಿಡಿದು ನಿಲ್ಲಬೇಕಿತ್ತು. ಚಿನ್ನಸ್ವಾಮಿ ತನ್ನ ಗಾಡಿಯಲ್ಲಿ ಜಾಗ ಮಾಡಬೇಕಿತ್ತು. ಉಳಿದವನು ಮಾವ.

ಗುರುಪಾದ ಮಾವ ಇಷ್ಟು ವರ್ಷ ಸಾವಿರಾರು ಮೂಟೆ ಸಾಗಿಸಿದ್ದ, ಬಾಯಿಂದ. ಈಗ ಮೊದಲ ಮಂಕರಿ ತಲೆ ಮೇಲೆ ಬಂತು. ನಾಲ್ಕನೆಯದಕ್ಕೆ ಅಂಗಿ ಬೆನ್ನಿಗೆ ಅಂಟಿತು. ಆರನೆಯದಕ್ಕೆ ಕಾಲು ಜಾರಿ ಮಂಕರಿ ಉರುಳಿತು. ಬೆಳ್ಳಗಿನ ಗೂಡುಗಳು ಬಂಡೆಯ ತುಂಬ ಹರಡಿಕೊಂಡವು. ಒಂದಷ್ಟು ಅವನ ಕಾಲಡಿಯಲ್ಲೇ ಅಪ್ಪಚ್ಚಿಯಾದವು.

"ಬೆಂಗಳೂರು ಸ್ಟೇಷನ್ ಇಲ್ಲೇ ಬಂತಲ್ಲಪ್ಪ!" ಎಂದಳು ಮಾದೇವಿ. ಅವಳಿಗೂ ಮಾವನ ಕತೆಗಳೆಲ್ಲ ಗೊತ್ತಿದ್ದವು.

 ರತ್ನಿ ಕೂತು ಗೂಡು ಆಯತೊಡಗಿದಳು. ಸ್ವಲ್ಪ ಹೊತ್ತಿಗೆ ಮಾದೇವಿಯೂ ಇಳಿದು ಬಂದು ಲಂಗದ ಮಡಿಲಿಗೇ ಆಯ್ದು ಹಾಕಿಕೊಂಡಳು.

ಕೆಲವು ಗೂಡು ಜಾಡಿನೊಳಗೆ ಬಿದ್ದಿದ್ದವು. ರತ್ನಿ ಕೈ ಇಳಿಬಿಟ್ಟಳು. ಮಣಿಕಟ್ಟಿನವರೆಗೂ ಕೈ ಮುಳುಗಿತು. ಒಳಗೆ ಕಲ್ಲು ಒರಳಿನ ಹಾಗೆ ನುಣ್ಣಗಿತ್ತು. ದಿನವೂ ಇದರ ಮೇಲೆ ಹೋಗಿಬಂದವಳು, ಮುಟ್ಟಿ ನೋಡಿದ್ದು ಇವತ್ತೇ.

"ಚಿನ್ನಸ್ವಾಮಣ್ಣ, ಇದ ಯಾರು ಕೆತ್ತಿದ್ದು?"

"ಯಾರೂ ಕೆತ್ನಿಲ್ಲ ಕಣವ್ವ. ಗಾಡಿ ಸವೆಸಿದ್ದು. ನಿಮ್ಮ ತಾತ ದೊಡ್ಡಮಾದಪ್ಪನ ಗಾಡಿ, ನಮ್ಮಪ್ಪನ ಗಾಡಿ, ಅವರಪ್ಪಂದಿರ ಗಾಡಿ. ಎಲ್ಲಾ ಒಂದಗಲ ಇದ್ವು, ಒಂದೇ ಕಡೆ ಸವೀತು. ಒಬ್ಬೊಬ್ರದು ಒಂದೊಂದು ಅಗಲ ಇದ್ದಿದ್ರೆ ಈ ಬಂಡೆಗೆ ಬರೀ ಗೀರು ಬೀಳ್ತಿತ್ತು ಅಷ್ಟೇಯ."

ರತ್ನಿ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು. ತಾತನನ್ನು ಅವಳು ಕಂಡಿರಲಿಲ್ಲ. ಅವನ ಫೋಟೋ ಕೂಡ ಇರಲಿಲ್ಲ.

ಮಂಕರಿಗಳೆಲ್ಲ ಏರಿದವು. ಅಪ್ಪ ಖಾಲಿ ಗಾಡಿಯನ್ನು ಹಿಂದಕ್ಕೆ ತಳ್ಳಿಸಿ ಊರ ಕಡೆ ತಿರುಗಿಸಿದ. ಮಾವ ನೆರಳಿನಲ್ಲಿ ಕೂತು ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ.

"ಬೇಜಾರಾಗಬ್ಯಾಡ ಕೂಸು, ನಾಕು ಸಲ ಓಡಾಡಿದ್ರೆ ನಮ್ದೂ ಒಂದು ಜಾಡು ಬೀಳ್ತದೆ" ಎಂದ ಅಪ್ಪ. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು.

"ಅಪ್ಪಾ, ಆಚಾರಿ ಮನೆಗೆ ಓಗು."

"ಯಾಕೆ?"

"ಆ ಒಂದು ಗೇಣು ತೆಗೆಸ್ಕಂಡು ಬಾ."

"ಏ, ಏ, ಕೂಸು!" ಎಂದು ಮಾವ ನೆಟ್ಟಗೆ ಕೂತ. "ಬ್ರಾಡ್‌ಗೇಜು ಅಂದ್ರೆ ಏನಂದ್ಕಂಡಿದ್ದೀಯ?"

"ಮುಂದಿನ ಬೆಳೆ ಗೂಡಿಗೂ ನೀನೇ ಬಂದು ಹೊತ್ತೀಯ ಮಾವ?"

ಮಾವ ಮತ್ತೆ ಗಾಳಿ ಹಾಕಿಕೊಳ್ಳತೊಡಗಿದ. ಅಪ್ಪ ಮಗಳ ತಲೆ ಮುಟ್ಟಿ ಎತ್ತುಗಳನ್ನು ಹೊಡೆದುಕೊಂಡು ಹೊರಟ.

ರತ್ನಿ, ಮಾದೇವಿ ಹಳೆಯ ಗಾಡಿಯ ಹಿಂದೆ ಕೂತರು. ಮಾವ ಮಂಕರಿಗಳ ನಡುವೆ ಹೇಗೋ ತೂರಿಕೊಂಡ. ಎರಡೂ ಚಕ್ರ ಒಟ್ಟಿಗೇ ಜಾಡಿಗಿಳಿದವು. ಗಾಡಿ ಓಲಾಡಲಿಲ್ಲ. ಚಿನ್ನಸ್ವಾಮಿ ಹಗ್ಗ ಸಡಿಲ ಬಿಟ್ಟು ಎಲೆಅಡಿಕೆ ಚೀಲ ಬಿಚ್ಚಿದ. ಎತ್ತುಗಳು ತಮ್ಮ ಪಾಡಿಗೆ ನಡೆದವು.

"ಈ ಜಾಡು ನಮ್ ತಾತಂದು" ಎಂದಳು ರತ್ನಿ.

"ನಮ್ ತಾತಂದೂ ಕಣಮ್ಮಿ!"

ಬೇರೆ ದಿನವಾಗಿದ್ದರೆ ಇಷ್ಟಕ್ಕೇ ಜಗಳವಾಗುತ್ತಿತ್ತು. ರತ್ನಿ ಬಗ್ಗಿ ಕೆಳಗೆ ನೋಡಿದಳು. ಚಕ್ರದ ಕಬ್ಬಿಣದ ಪಟ್ಟಿ ಕಲ್ಲಿಗೆ ಸಣ್ಣಗೆ ಉಜ್ಜುತ್ತಿತ್ತು.

"ಊಂ, ನಿಮ್ ತಾತಂದೂವೆ" ಎಂದಳು. ಆಮೇಲೆ ತನಗೇ ಎಂಬಂತೆ, "ಇವತ್ತೂ ಒಂಚೂರು ಸವೀತು" ಎಂದಳು.